ಹೊಸದಾಗಿ ಬಳಸಿ ನೋಡಿದ್ದು: ಮೊದಲ ವಾರದ ಅನಿಸಿಕೆ ಆರನೇ ವಾರಕ್ಕೂ ಉಳಿಯಿತೇ?

ಅರೆಓದುಗ

ಕಳೆದ ಆರು ವಾರಗಳಲ್ಲಿ ನಾಲ್ಕು ಹೊಸ ಸಂಗತಿಗಳು ನನ್ನ ದಿನಚರಿಯೊಳಗೆ ಬಂದು ಸೇರಿದವು: ಇ-ಇಂಕ್ ಪರದೆಯ ಒಂದು ಇ-ರೀಡರ್, ಹೊರಗಿನ ಸದ್ದನ್ನು ಅಡಗಿಸುವ ಹೆಡ್‌ಫೋನ್, ಒಂದು ಸ್ಮಾರ್ಟ್‌ವಾಚ್ ಮತ್ತು ತಿಂಗಳ ಚಂದಾ ಕಟ್ಟಿ, ದೂರದ ಸರ್ವರಿನಲ್ಲಿ ಓಡುವ ಆಟವನ್ನು ಇಂಟರ್ನೆಟ್ ಮೂಲಕ ಆಡುವ ಕ್ಲೌಡ್ ಗೇಮಿಂಗ್ ಸೇವೆ. ಪ್ರತಿಯೊಂದರ ಬಗ್ಗೆಯೂ ಮೊದಲ ವಾರದಲ್ಲೇ ಒಂದೊಂದು ಟಿಪ್ಪಣಿ ಬರೆದಿಟ್ಟಿದ್ದೆ. ನಿನ್ನೆ ಅವನ್ನು ತೆಗೆದು ಓದಿದರೆ, ಯಾವುದನ್ನೂ ನಾನೇ ಬರೆದೆನೆಂದು ನಂಬಲಾಗಲಿಲ್ಲ.

ಹೆಡ್‌ಫೋನಿನ ಬಗ್ಗೆ "ಕೋಣೆಯೇ ಕರಗಿಹೋಯಿತು" ಎಂದು ಬರೆದಿದ್ದೆ. ಫ್ಯಾನಿನ ಸದ್ದು ಹೋದದ್ದು ನಿಜ; ಆದರೆ ಅದು ಹೋದ ಮೇಲೆ ಪಕ್ಕದ ಕೋಣೆಯ ಮಾತು ಮೊದಲಿಗಿಂತ ನಿಚ್ಚಳವಾಗಿ ಕೇಳುತ್ತಿದೆ. ವಾಚಿನ ಬಗ್ಗೆ ಎರಡು ಪುಟ ಹೊಗಳಿದ್ದೆ. ನಾಲ್ಕನೇ ವಾರದಲ್ಲಿ ಅದನ್ನು ಚಾರ್ಜರಿಗೆ ಹಾಕಿದೆ, ಇನ್ನೂ ಅಲ್ಲಿಯೇ ಇದೆ. ಗೇಮಿಂಗ್ ಸೇವೆಯ ಚಂದಾ ರದ್ದಾಗಿದೆ. ಇ-ರೀಡರ್ ಕುರಿತ ಟಿಪ್ಪಣಿ ಮಾತ್ರ ತದ್ವಿರುದ್ಧ: "ಪುಟ ತಿರುಗಿಸಿದಾಗಲೆಲ್ಲ ಪರದೆ ಕಪ್ಪಾಗಿ ಮಿನುಗುತ್ತದೆ, ಕಣ್ಣಿಗೆ ಕಿರಿಕಿರಿ, ಹಿಂದಿರುಗಿಸುವುದೇ ಲೇಸು." ಇಂದು ಅದಿಲ್ಲದೆ ನಾನು ಮಲಗುವುದಿಲ್ಲ.

ನನ್ನ ಪ್ರಶ್ನೆಗಳು ಎರಡು. ಒಂದು ವಸ್ತುವಿನ ಬಗ್ಗೆ ಅಭಿಪ್ರಾಯ ಹೇಳುವ ಮೊದಲು ಎಷ್ಟು ದಿನ ಬಳಸಬೇಕು? ಎರಡನೆಯದು ತಾಂತ್ರಿಕವಾದದ್ದು: ನನ್ನಲ್ಲಿರುವ ಮೂರು ಕನ್ನಡ ಇ-ಪುಸ್ತಕಗಳು ಸರಿಯಾಗಿ ಓದಲು ಬರುತ್ತಿಲ್ಲ. ಅವುಗಳಲ್ಲಿ ಎರಡರಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತವೆ. "ಸ್ತ್ರೀ" ಎಂಬ ಪದ "ಸ್‌ ತ್‌ ರೀ" ಎಂದು ಮೂರು ತುಂಡಾಗಿ ಸಾಲಿನಲ್ಲಿ ಬಿದ್ದಿರುತ್ತದೆ. ಮೂರನೆಯದರಲ್ಲಿ ಅಕ್ಷರ ಸರಿಯಿದೆ, ಗಾತ್ರ ಹಿಗ್ಗಿಸಲು ಮಾತ್ರ ಆಗುತ್ತಿಲ್ಲ. ಯಾರಿಗಾದರೂ ಪರಿಹಾರ ಗೊತ್ತೇ?

ಸಂಶಯಪಿಶಾಚಿ

ಮೊದಲ ವಾರದ ಅನಿಸಿಕೆಗೆ ಕಿಲುಬು ಕಾಸಿನ ಬೆಲೆಯೂ ಇಲ್ಲ. ಮೊದಲ ವಾರ ನಾವು ವಸ್ತುವನ್ನು ಬಳಸುವುದಿಲ್ಲ, ಅದನ್ನು ಕೊಂಡದ್ದು ಸರಿಯೆಂದು ನಮಗೆ ನಾವೇ ಸಮರ್ಥಿಸಿಕೊಳ್ಳುತ್ತಿರುತ್ತೇವೆ, ಅಷ್ಟೇ.

ತಂತಿಪ್ರಿಯ

ಹೆಡ್‌ಫೋನಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅರೆಓದುಗರು ದೋಷವೆಂದು ತಿಳಿದಿರುವುದು ಆ ತಂತ್ರದ ಸ್ವಭಾವವೇ ಆಗಿದೆ. ಹೊರಗಿನ ಸದ್ದನ್ನು ಸಣ್ಣ ಮೈಕ್ ಹಿಡಿಯುತ್ತದೆ. ಒಳಗಿನ ಚಿಪ್ ಅದೇ ಅಲೆಯನ್ನು ತಲೆಕೆಳಗು ಮಾಡಿ ಸ್ಪೀಕರಿನಿಂದ ಹೊರಡಿಸುತ್ತದೆ. ಏರಿಗೆ ಇಳಿತ ಕೂಡಿದಾಗ ಎರಡೂ ಅಳಿಯುತ್ತವೆ. ಇದು ಸರಿಹೋಗಬೇಕಾದರೆ ಎರಡು ಅಲೆಗಳು ಕಿವಿಯ ಬಳಿ ಕರಾರುವಾಕ್ಕಾಗಿ ಎದುರುಬದುರಾಗಬೇಕು. 100 ಹರ್ಟ್ಸ್‌ನ (ಸೆಕೆಂಡಿಗೆ 100 ಕಂಪನಗಳ) ಗುಂಯ್ ಸದ್ದಿನ ಒಂದು ಅಲೆ ಸುಮಾರು 3.4 ಮೀಟರ್ ಉದ್ದವಿರುತ್ತದೆ, ಹಾಗಾಗಿ ಅಲ್ಪಸ್ವಲ್ಪ ತಪ್ಪಿದರೂ ನಷ್ಟವಿಲ್ಲ. 3,000 ಹರ್ಟ್ಸ್‌ನ ಅಲೆಗೆ ಕೇವಲ 11 ಸೆಂಟಿಮೀಟರ್ ಉದ್ದ. ಕೂದಲೆಳೆಯಷ್ಟು ತಡವಾದರೂ ಅಳಿಸುವ ಬದಲು ಕೂಡಿಸಿಬಿಡುವ ಅಪಾಯವಿದೆ. ಆದ್ದರಿಂದ ಫ್ಯಾನು, ಎಂಜಿನ್ನು, ವಿಮಾನದ ಮೊರೆತದಂಥ ಒಂದೇ ಸಮನಾದ ತಗ್ಗು ಸದ್ದಿಗೆ ಇದು ರಾಮಬಾಣ. ಮಾತಿನ ವ್ಯಂಜನಗಳು, ತಟ್ಟೆ ಬಿದ್ದ ಸದ್ದು ಮುಂತಾದವನ್ನು ತಡೆಯಬೇಕಾದದ್ದು ಕಿವಿಯನ್ನು ಮುಚ್ಚುವ ಮೆತ್ತೆ.

ಬೋಸ್ ಆಡಿಯೊ ಕಂಪನಿಯ ಸ್ಥಾಪಕ ಅಮರ್ ಬೋಸ್ ಅವರಿಗೆ ಈ ಯೋಚನೆ ಹೊಳೆದದ್ದು 1978ರ ಒಂದು ವಿಮಾನಯಾನದಲ್ಲಿ. ಅದು ವಿಮಾನದಲ್ಲಿಯೇ ಹುಟ್ಟಿತೆಂಬುದನ್ನು ನೆನಪಿಟ್ಟುಕೊಂಡರೆ ಪಕ್ಕದ ಕೋಣೆಯ ಮಾತಿನ ಮುಂದೆ ಅದು ಏಕೆ ಸೋಲುತ್ತದೆಂಬುದು ತಾನಾಗಿಯೇ ತಿಳಿಯುತ್ತದೆ.

ಮೂರನೇ ಮಹಡಿ

ಅರೆಓದುಗರೇ, ನೀವು ಕನ್ನಡಕ ಧರಿಸುತ್ತೀರಾ?

ಅರೆಓದುಗ

ಹೌದು, ದಪ್ಪ ಚೌಕಟ್ಟಿನದು. ಅದಕ್ಕೂ ಇದಕ್ಕೂ ಏನು ಸಂಬಂಧ?

ಮೂರನೇ ಮಹಡಿ

ಕನ್ನಡಕದ ಕಡ್ಡಿ ಕಿವಿಯ ಮೇಲೆ ಹಾದುಹೋಗುವ ಕಡೆಯಲ್ಲಿ ಮೆತ್ತೆ ಪೂರ್ತಿ ಅಂಟದೆ ಒಂದು ಸಂದು ಉಳಿಯುತ್ತದೆ. ಅಲ್ಲಿಂದಲೇ ಸದ್ದು ನುಸುಳುತ್ತದೆ. ನಾನು ತೆಳ್ಳಗಿನ ಲೋಹದ ಕಡ್ಡಿಯ ಕನ್ನಡಕಕ್ಕೆ ಬದಲಾದ ದಿನ, ಹಳೆಯ ಹೆಡ್‌ಫೋನೇ ಹೊಸದಾದಂತೆ ಆಯಿತು. ಕನ್ನಡಕ ತೆಗೆದು ಅರ್ಧ ನಿಮಿಷ ಕೇಳಿ ನೋಡಿ, ವ್ಯತ್ಯಾಸ ತಿಳಿಯುತ್ತದೆ.

ಸಂಶಯಪಿಶಾಚಿಯವರ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಪವರ್ ಗುಂಡಿಯನ್ನು ಡಿಲೀಟ್ ಗುಂಡಿಯ ಬಗಲಲ್ಲೇ ಇಟ್ಟಿದ್ದಾರೆ. ಮೊದಲ ವಾರದಲ್ಲಿ ಒಂದು ಅಕ್ಷರ ಅಳಿಸಲು ಹೋಗಿ ಮೂರು ಸಲ ಯಂತ್ರವನ್ನೇ ಮಲಗಿಸಿದೆ, ಬೈದುಕೊಂಡೆ. ಈಗ ಎರಡು ವರ್ಷವಾಯಿತು. ಯಾರಾದರೂ ಕೇಳಿದರೆ "ಯಾವ ದೋಷವೂ ಇಲ್ಲ, ಚೆನ್ನಾಗಿದೆ" ಎನ್ನುತ್ತೇನೆ. ದೋಷ ಹೋಗಿಲ್ಲ, ನನ್ನ ಕಿರುಬೆರಳು ಅದನ್ನು ತಪ್ಪಿಸಿಕೊಂಡು ಹೋಗಲು ಕಲಿತಿದೆ. ತಪ್ಪುಗಳು ಕಣ್ಣಿಗೆ ಬೀಳುವುದು ಮೊದಲ ವಾರದಲ್ಲಿ ಮಾತ್ರ. ಅದನ್ನು ಬರೆದಿಡದಿದ್ದರೆ ಮುಂದೆ ನಮಗೇ ಕಾಣುವುದಿಲ್ಲ.

ಸಂಶಯಪಿಶಾಚಿ

ಹಾಗಾದರೆ ಮೊದಲ ವಾರದಲ್ಲಿ ಬೈಗುಳವನ್ನು ಮಾತ್ರ ಬರೆಯಬೇಕು, ಹೊಗಳಿಕೆಯನ್ನು ಆರನೇ ವಾರಕ್ಕೆ ಮುಂದೂಡಬೇಕು ಎಂದಾಯಿತು. ಇಷ್ಟಕ್ಕೆ ನನ್ನ ಒಪ್ಪಿಗೆಯಿದೆ.

ನಿದ್ದೆಗೇಡಿ

ಆ ವಾಚನ್ನು ಅಷ್ಟು ಬೇಗ ಕೈಬಿಡಬೇಡಿರಿ. ಎಂಟು ತಿಂಗಳಿಂದ ಕಟ್ಟಿಕೊಂಡಿದ್ದೇನೆ. ರಾತ್ರಿ ಮಲಗುವ ಹೊತ್ತನ್ನು ಅದು ಬರೆದಿಟ್ಟದ್ದನ್ನು ನೋಡಿದ ಮೇಲೆ ನಾನು ಎಷ್ಟು ತಡವಾಗಿ ಮಲಗುತ್ತಿದ್ದೆನೆಂಬುದು ಮೊದಲ ಬಾರಿಗೆ ಮನದಟ್ಟಾಯಿತು. ಗಾಢ ನಿದ್ರೆ ಎಷ್ಟು, ಕನಸಿನ ನಿದ್ರೆ ಎಷ್ಟು ಎಂಬುದನ್ನೂ ನಿಮಿಷದ ಲೆಕ್ಕದಲ್ಲಿ ತೋರಿಸುತ್ತದೆ.

ಚುಕ್ಕಿಲೆಕ್ಕ

ಮಲಗಿದ ಹೊತ್ತು, ಎದ್ದ ಹೊತ್ತುಗಳನ್ನು ನಂಬಿರಿ. ನಿಮಿಷದ ಲೆಕ್ಕದ ಗಾಢ ನಿದ್ರೆಯನ್ನು ಅಷ್ಟಾಗಿ ನಂಬಬೇಡಿರಿ. ನಿದ್ರೆಯ ಹಂತಗಳನ್ನು ಪ್ರಯೋಗಾಲಯದಲ್ಲಿ ಗುರುತಿಸುವುದು ತಲೆಗೆ ಅಂಟಿಸಿದ ವಿದ್ಯುದ್ವಾರಗಳಿಂದ, ಮಿದುಳಿನ ಅಲೆಗಳನ್ನು ನೋಡಿ. ಮಣಿಕಟ್ಟಿನ ಮೇಲೆ ಕುಳಿತ ವಾಚಿಗೆ ಮಿದುಳು ಕಾಣುವುದಿಲ್ಲ. ಕೈಯ ಅಲುಗಾಟ, ನಾಡಿಯ ಏರಿಳಿತಗಳಿಂದ ಅದು ಊಹಿಸುತ್ತದೆ. ಒಮ್ಮೆ ರಾತ್ರಿ ನಿದ್ದೆ ಬಾರದೆ ಅಲುಗಾಡದೆ ಬಿದ್ದುಕೊಂಡು ಸೂರು ನೋಡುತ್ತಿದ್ದ ಮುಕ್ಕಾಲು ಗಂಟೆಯನ್ನು ನನ್ನ ವಾಚು ಹಗುರ ನಿದ್ರೆಯೆಂದು ಬರೆದು, ಬೆಳಗ್ಗೆ ಅಭಿನಂದನೆಯನ್ನೂ ಹೇಳಿತು.

ನಾಡಿಯ ವಿಷಯದಲ್ಲಿಯೂ ಒಂದು ಮಾತು. ವಾಚಿನ ಹಿಂಬದಿಯಲ್ಲಿ ಮಿಣುಕುವ ಹಸಿರು ದೀಪವಿದೆಯಲ್ಲ, ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ, ಪ್ರತಿ ಬಡಿತಕ್ಕೂ ಚರ್ಮದಡಿಯ ರಕ್ತದ ಪ್ರಮಾಣ ಹೆಚ್ಚುಕಡಿಮೆಯಾಗಿ, ಹಿಂದಿರುಗುವ ಬೆಳಕೂ ಹೆಚ್ಚುಕಡಿಮೆಯಾಗುತ್ತದೆ, ಅದನ್ನು ಎಣಿಸುತ್ತಾರೆ. ಪಟ್ಟಿ ಸಡಿಲವಾಗಿದ್ದು ನೀವು ಓಡುತ್ತಿದ್ದರೆ ಹೆಜ್ಜೆಯ ಕುಲುಕಾಟವನ್ನೇ ಬಡಿತವೆಂದು ಎಣಿಸಿಬಿಡುವ ಸಂಭವವಿದೆ. ಓಟದ ನಡುವೆ ನಿಮ್ಮ ಹೃದಯದ ಅಂಕಿಯೂ ನಿಮಿಷಕ್ಕಿಡುವ ಹೆಜ್ಜೆಯ ಅಂಕಿಯೂ ಒಂದೇ ಆಗಿ ಕಂಡರೆ ಗಾಬರಿಯಾಗದೆ ಪಟ್ಟಿಯನ್ನು ಒಂದು ತೂತಿನಷ್ಟು ಬಿಗಿ ಮಾಡಿರಿ, ಮಣಿಕಟ್ಟಿನ ಮೂಳೆಯಿಂದ ಸ್ವಲ್ಪ ಮೇಲಕ್ಕೆ ಸರಿಸಿರಿ.

ನಿದ್ದೆಗೇಡಿ

ಊಹೆಯಾದರೂ ಇರಲಿ ಸ್ವಾಮಿ. ಆ ಊಹೆಗೆ ಹೆದರಿಯೇ ನಾನು ಹನ್ನೊಂದಕ್ಕೆ ದೀಪ ಆರಿಸುತ್ತಿದ್ದೇನೆ.

ಸಂಶಯಪಿಶಾಚಿ

ದಿನಕ್ಕೆ 10,000 ಹೆಜ್ಜೆ ಎಂಬ ಗುರಿಯನ್ನೂ ವೈದ್ಯಶಾಸ್ತ್ರ ಕೊಟ್ಟಿತೆಂದು ಬಹಳ ಜನ ತಿಳಿದಿದ್ದಾರೆ. ಅದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಬಂದದ್ದು: ಮಾನ್ಪೊ-ಕೆಯಿ, ಎಂದರೆ ಹತ್ತು ಸಾವಿರ ಹೆಜ್ಜೆಗಳ ಮಾಪಕ. ಯಂತ್ರದ ಹೆಸರು ಹೀಗೆ ಲೋಕಕ್ಕೆಲ್ಲ ಆರೋಗ್ಯದ ಗುರಿಯಾಗಿ ನಿಂತಿತು.

ಸೋತ ಆಟಗಾರ

ಕ್ಲೌಡ್ ಗೇಮಿಂಗಿನ ಚಂದಾವನ್ನು ಏಕೆ ರದ್ದು ಮಾಡಿದಿರಿ ಎಂಬುದನ್ನು ಹೇಳಲಿಲ್ಲವಲ್ಲ? ಆಟಗಳು ಕಡಿಮೆಯಿದ್ದವೋ, ತಡವಾಗುತ್ತಿತ್ತೋ?

ಅರೆಓದುಗ

ತಡವಾಗುತ್ತಿತ್ತು. ಗುಂಡಿ ಒತ್ತಿದರೆ ಪಾತ್ರ ಒಂದು ಕ್ಷಣ ಯೋಚಿಸಿ ಆಮೇಲೆ ಹಾರುತ್ತಿತ್ತು; ಅಷ್ಟರಲ್ಲಿ ಹಳ್ಳಕ್ಕೆ ಬಿದ್ದಿರುತ್ತಿತ್ತು. ನನ್ನ ಇಂಟರ್ನೆಟ್ ವೇಗ ಅವರು ಕೇಳಿದ್ದಕ್ಕಿಂತ ಎಷ್ಟೋ ಹೆಚ್ಚಿದ್ದರೂ ಹೀಗೇಕೆಂಬುದು ತಿಳಿಯಲಿಲ್ಲ.

ಸೋತ ಆಟಗಾರ

ಇಲ್ಲಿ ಬಹಳ ಜನ ಎಡವುತ್ತಾರೆ. ವೇಗವೆಂದರೆ ಕೊಳವೆಯ ಅಗಲ. ನಿಮ್ಮನ್ನು ಹಳ್ಳಕ್ಕೆ ಕೆಡವಿದ್ದು ಕೊಳವೆಯ ಉದ್ದ. ಸೆಕೆಂಡಿಗೆ 60 ಚೌಕಟ್ಟುಗಳ (ಚಿತ್ರಗಳ) ಆಟದಲ್ಲಿ ಒಂದು ಚೌಕಟ್ಟಿಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡು. ನೀವು ಗುಂಡಿ ಒತ್ತಿದ ಸಂಗತಿ ದೂರದ ಸರ್ವರಿಗೆ ಹೋಗಬೇಕು, ಅಲ್ಲಿ ಚಿತ್ರ ತಯಾರಾಗಿ ವಿಡಿಯೊ ಆಗಿ ಕುಗ್ಗಬೇಕು, ಮತ್ತೆ ನಿಮ್ಮಲ್ಲಿಗೆ ಬಂದು ಹಿಗ್ಗಬೇಕು, ಪರದೆಯ ಮೇಲೆ ಮೂಡಬೇಕು. ಪ್ರತಿ ಹಂತವೂ ಒಂದಿಷ್ಟು ತಿನ್ನುತ್ತದೆ.

ಸರ್ವರಿನ ದೂರ ನಮ್ಮ ಕೈಯಲ್ಲಿಲ್ಲ, ಆದರೆ ಕಡೆಯ ಎರಡು ಹಂತಗಳು ಬಹುಪಾಲು ನಮ್ಮ ಕೈಯಲ್ಲೇ ಇವೆ. ವೈ-ಫೈ ಬಿಟ್ಟು ತಂತಿ ಹಾಕಿರಿ. ಟಿವಿಯಲ್ಲಿ ಆಡುತ್ತಿದ್ದರೆ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಹಾಕಿರಿ. ಚಿತ್ರವನ್ನು ನುಣುಪು ಮಾಡಲು ಟಿವಿ ನಡೆಸುವ ಸಂಸ್ಕರಣೆ ನಿಂತು, ತಡವಾಗುವುದು ಸಾಕಷ್ಟು ತಗ್ಗುತ್ತದೆ. ನಾನು ಇದನ್ನು ತಿಳಿದುಕೊಳ್ಳುವ ಮೊದಲು ಮೂರು ತಿಂಗಳು ನನ್ನ ಬೆರಳುಗಳಿಗೇ ವಯಸ್ಸಾಯಿತೆಂದು ಕೊರಗಿದ್ದೆ. ಅಷ್ಟಾದರೂ ಹಾರುವ, ಗುಂಡು ಹಾರಿಸುವ ಆಟಗಳನ್ನು ಆ ಸೇವೆಯಲ್ಲಿ ನಾನು ಆಡುವುದಿಲ್ಲ. ಸರದಿ ಕಾಯುವ ಆಟಗಳಿಗೆ, ಎಂದರೆ ಇಸ್ಪೀಟು, ಚದುರಂಗ, ರಾಜ್ಯ ಕಟ್ಟುವ ಆಟಗಳಿಗೆ, ಅದು ಹೇಳಿ ಮಾಡಿಸಿದಂತಿದೆ.

ಒಂದೇ ಬ್ಯಾಟರಿ

ನನ್ನ ಅನುಭವ ಬೇರೆ. ನಾನು ಇತ್ತೀಚೆಗೆ ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಎಂಬ ಯಂತ್ರ ಕೊಂಡೆ. ಅದು 2022ರಲ್ಲಿ ಬಂದದ್ದು, ಹಾಗಾಗಿ ಇಲ್ಲಿ ಹಲವರಿಗೆ ಹಳೆಯ ಸುದ್ದಿ. ವಿಂಡೋಸಿಗೆಂದು ಬರೆದ ಆಟಗಳು ಲಿನಕ್ಸ್ ಎಂಬ ಬೇರೊಂದು ಕಾರ್ಯಾಚರಣೆ ವ್ಯವಸ್ಥೆಯ ಮೇಲೆ ಪ್ರೋಟಾನ್ ಎಂಬ ತಂತ್ರಾಂಶ ಪದರದ ಮೂಲಕ ಓಡುವುದನ್ನು ಕಂಡು ನಾನು ಬೆರಗಾಗಬೇಕಿತ್ತು. ಬೆರಗಾದದ್ದು ಅದರ ಪವರ್ ಗುಂಡಿಗೆ. ಆಟದ ನಡುವೆ ಒಮ್ಮೆ ಒತ್ತಿದರೆ ಮಲಗುತ್ತದೆ, ಮರುದಿನ ಒತ್ತಿದರೆ ಅದೇ ಕತ್ತಿ ಅದೇ ಗಾಳಿಯಲ್ಲಿ ಅದೇ ಎತ್ತರದಲ್ಲಿ ನಿಂತಿರುತ್ತದೆ. ಆಟವಾಡಲು ನನಗೆ ದಿನಕ್ಕೆ ಇಪ್ಪತ್ತು ನಿಮಿಷ ಸಿಕ್ಕರೆ ಹೆಚ್ಚು. ಅದರಲ್ಲಿ ಐದು ನಿಮಿಷ ಲೋಗೋಗಳನ್ನು, ಮೆನುಗಳನ್ನು ದಾಟುವುದರಲ್ಲಿ ಕಳೆಯುತ್ತಿದ್ದವನಿಗೆ ಈ ಗುಂಡಿ ಎಷ್ಟು ದೊಡ್ಡದೆಂಬುದನ್ನು ಯಾವ ವಿಮರ್ಶೆಯೂ ನನಗೆ ಹೇಳಿರಲಿಲ್ಲ.

ಶಾಂತಲಹರಿ

ಬಳಸಿ ನೋಡಲು ಎಷ್ಟು ಕಾಲ ಬೇಕೆಂಬ ಪ್ರಶ್ನೆಗೆ, ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯವರು ತಮ್ಮದೇ ಉತ್ತರ ಕೊಟ್ಟಿದ್ದಾರೆ: ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ ಹಣ ವಾಪಸು. ಎರಡು ಗಂಟೆ ಸಾಕೇ? ಸಣ್ಣ ಆಟವಾದರೆ ಪೂರ್ತಿಯೇ ಮುಗಿದಿರುತ್ತದೆ. ಒಬ್ಬರೇ ಕುಳಿತು ರಚಿಸಿ 2016ರಲ್ಲಿ ಬಿಡುಗಡೆ ಮಾಡಿದ ಸ್ಟಾರ್‌ಡ್ಯೂ ವ್ಯಾಲಿಯಂಥ ಬೇಸಾಯದ ಆಟದಲ್ಲಿ ಎರಡು ಗಂಟೆಗೆ ಹೊಲದ ಕಳೆ ಕಿತ್ತು ಮುಗಿದಿರುವುದಿಲ್ಲ. ನಾನು ಅದನ್ನು ಎರಡನೇ ಗಂಟೆಯಲ್ಲಿ "ನೀರು ಹಾಕುವುದೊಂದೇ ಕೆಲಸವೇ?" ಎಂದು ಮುಚ್ಚಿದ್ದೆ. ಒಂದು ಮಳೆಯ ದಿನ ಮತ್ತೆ ತೆರೆದೆ, ಆಟದೊಳಗೂ ಮಳೆ ಬರುತ್ತಿತ್ತು, ಗಿಡಗಳಿಗೆ ನೀರು ಹಾಕುವ ಅಗತ್ಯವಿರಲಿಲ್ಲ. ಆ ಬಿಡುವಿನ ದಿನದಲ್ಲಿ ಗಣಿಗೆ ಇಳಿದವನು ಇನ್ನೂ ಮೇಲೆ ಬಂದಿಲ್ಲ.

ಮೂರನೇ ಮಹಡಿ

ಕಣ್ಣ ಮುಂದೆ ಕಲ್ಪಿತ ಲೋಕವನ್ನು ತೋರಿಸುವ ವಿಆರ್ ಕನ್ನಡಕ ಹಾಕಿಕೊಂಡವರು ಯಾರೂ ಇಲ್ಲವೇ? ನಾನು ಸ್ನೇಹಿತರದನ್ನು ಎರವಲು ಪಡೆದು ಒಂದು ವಾರ ಬಳಸಿದೆ. ನಿಂತಲ್ಲೇ ಕೈ ಬೀಸುವ ಬೀಟ್ ಸೇಬರ್‌ನಂಥ ಆಟ ಎಷ್ಟು ಹೊತ್ತು ಆಡಿದರೂ ತೊಂದರೆಯಾಗಲಿಲ್ಲ. ನಿಯಂತ್ರಕದ ಪುಟ್ಟ ಕೋಲನ್ನು ತಳ್ಳಿ ನಡೆಯುವ ಆಟದಲ್ಲಿ ಐದನೇ ನಿಮಿಷಕ್ಕೆ ಹೊಟ್ಟೆ ತೊಳೆಸಿತು. ಕಣ್ಣು ಚಲಿಸುತ್ತಿದ್ದೇನೆ ಎನ್ನುತ್ತದೆ, ಒಳಗಿವಿ ನಿಂತಿದ್ದೇನೆ ಎನ್ನುತ್ತದೆ. ಇವರಿಬ್ಬರ ಜಗಳದಲ್ಲಿ ಹೊಟ್ಟೆಗೆ ಪೆಟ್ಟು. ನಡೆಯುವ ಬದಲು ಗುರುತು ಮಾಡಿದ ಜಾಗಕ್ಕೆ ಒಮ್ಮೆಲೇ ಜಿಗಿಯುವ ಆಯ್ಕೆ ಕೆಲವು ಆಟಗಳಲ್ಲಿದೆ, ಅದನ್ನು ಹಾಕಿಕೊಂಡ ಮೇಲೆ ಸರಿಹೋಯಿತು.

ಬೆರಳಚ್ಚು

ವಸ್ತುಗಳಾದವು, ಸೇವೆಗಳ ಕಡೆಗೂ ಸ್ವಲ್ಪ ನೋಡೋಣ. ನಾನು ಹೊಸದಾಗಿ ಅಭ್ಯಾಸ ಮಾಡಿಕೊಂಡದ್ದು ಕನ್ನಡದಲ್ಲಿ ಮಾತಾಡಿ ಬರೆಸುವುದು. ಗೂಗಲಿನ ಕೀಲಿಮಣೆಗೆ ಈ ಸೌಲಭ್ಯ ಬಂದದ್ದು 2017ರಲ್ಲಿ. ನಾನು ಮುಟ್ಟಿದ್ದು ಈ ವರ್ಷ. ಸಣ್ಣ ಸಂದೇಶಗಳಿಗೆ ಬಹಳ ಹಿತವಾಗಿದೆ. ಆದರೆ ಲಕಾರ ಳಕಾರಗಳ ನಡುವಿನ ಗೆರೆಯನ್ನು ಅದು ಆಗಾಗ ಮರೆಯುತ್ತದೆ. "ಇಡೀ ಕೆಲಸ ಹಾಳಾಯಿತು" ಎಂದು ನಾನು ಸಿಟ್ಟಿನಿಂದ ಹೇಳಿದರೆ "ಇಡೀ ಕೆಲಸ ಹಾಲಾಯಿತು" ಎಂದು ಬರೆದು ಕಳುಹಿಸಿತು, ಓದಿದವರು ಶುಭವೆಂದು ತಿಳಿದರು.

ತಂತಿಪ್ರಿಯ

ಅದು ಯಂತ್ರದ ತಪ್ಪೋ ನಿಮ್ಮ ನಾಲಗೆಯದೋ ಎಂಬುದನ್ನು ಮೊದಲು ಪರಿಶೀಲಿಸಿರಿ.

ಬೆರಳಚ್ಚು

ನನ್ನ ಳಕಾರ ಗಟ್ಟಿಯಾಗಿಯೇ ಇದೆ, ತಂತಿಪ್ರಿಯರೇ. ಅನುಮಾನವಿದ್ದರೆ ಧ್ವನಿ ಸಂದೇಶ ಕಳುಹಿಸಲು ಸಿದ್ಧನಿದ್ದೇನೆ.

ಚುಕ್ಕಿಲೆಕ್ಕ

ಸೇವೆಗಳ ವಿಷಯದಲ್ಲಿ ನನ್ನದು ಒಂದೇ ಪರೀಕ್ಷೆ: ಒಳಗೆ ಹೋದ ಮೊದಲ ದಿನವೇ ಹೊರಬರುವ ಬಾಗಿಲನ್ನು ಹುಡುಕುತ್ತೇನೆ. ನನ್ನ ದತ್ತಾಂಶವನ್ನು ಇಳಿಸಿಕೊಳ್ಳುವ ಗುಂಡಿ ಎಲ್ಲಿದೆ, ಯಾವ ರೂಪದಲ್ಲಿ ಕೊಡುತ್ತಾರೆ, ಖಾತೆ ಮುಚ್ಚುವುದು ಹೇಗೆ ಎಂಬುದನ್ನು ನೋಡಿಯೇ ಮುಂದುವರಿಯುತ್ತೇನೆ. ಇದು ಅತಿಯಾದ ಎಚ್ಚರಿಕೆಯಲ್ಲ. ಬೇರೆ ಬೇರೆ ತಾಣಗಳ ಹೊಸ ಬರಹಗಳನ್ನು ಒಂದೆಡೆ ಓದಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿತು. ಚಂದಾಪಟ್ಟಿಯನ್ನು ಇಳಿಸಿಕೊಳ್ಳಲು ಅವಕಾಶವಿದ್ದುದರಿಂದ ಓದುಗರು ಬೇರೆ ಕಡೆಗೆ ಹೋಗಲು ಸಾಧ್ಯವಾಯಿತು. ಗೂಗಲ್ ಫೋಟೋಸಿನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ಕೊನೆಗೊಂಡಿತು. ಮೇಲೆ ಕ್ಲೌಡ್ ಗೇಮಿಂಗಿನ ಮಾತು ಬಂತಲ್ಲ, 2019ರ ನವೆಂಬರಿನಲ್ಲಿ ಆರಂಭವಾದ ಗೂಗಲಿನದೇ ಅಂಥ ಸೇವೆ ಸ್ಟೇಡಿಯಾ 2023ರ ಜನವರಿ 18ರಂದು ನಿಂತೇಹೋಯಿತು.

ಸೋತ ಆಟಗಾರ

ಸ್ಟೇಡಿಯಾದವರು ಕೊಂಡ ಆಟಗಳ ಹಣವನ್ನು ಹಿಂದಿರುಗಿಸಿದರು ಎಂಬುದನ್ನೂ ಸೇರಿಸಿ ಹೇಳಬೇಕು. ಬಾಗಿಲು ಹಾಕುವಾಗ ಅದರ ನಿಯಂತ್ರಕವನ್ನು ಬ್ಲೂಟೂತ್ ಮೂಲಕ ಬೇರೆ ಯಂತ್ರಗಳಿಗೂ ಜೋಡಿಸಲು ಬರುವಂತೆ ಮಾಡಿಕೊಟ್ಟರು. ಅಷ್ಟು ಮರ್ಯಾದೆಯಿಂದ ಮುಚ್ಚಿದ ಸೇವೆಗಳು ಕಡಿಮೆ.

ಚುಕ್ಕಿಲೆಕ್ಕ

ಒಪ್ಪಿದೆ, ಆ ಮಟ್ಟಿಗೆ ತಿದ್ದಿಕೊಳ್ಳುತ್ತೇನೆ. ಆದರೂ ಹಣ ಬಂದಿತೇ ಹೊರತು ಆಡಿದ ಎಷ್ಟೋ ಆಟಗಳ ಉಳಿಸಿದ ಹಂತಗಳು ಬೇರೆ ಕಡೆಗೆ ಬರಲಿಲ್ಲ.

ಅಕ್ಷರಕೂಲಿ

ಎಲ್ಲರೂ ಹೆಡ್‌ಫೋನು, ಹೃದಯ, ಹಳ್ಳಗಳ ಬಗ್ಗೆ ಮಾತಾಡುತ್ತಿದ್ದೀರಿ. ಅರೆಓದುಗರು ಕೇಳಿದ ಎರಡನೇ ಪ್ರಶ್ನೆ ಅನಾಥವಾಗಿ ಬಿದ್ದಿದೆ.

ಮೊದಲಿಗೆ, ಕಪ್ಪಾಗಿ ಮಿನುಗುವ ವಿಷಯ. ಇ-ಇಂಕ್ ಪರದೆಯಲ್ಲಿ ಕೂದಲಿನ ದಪ್ಪದ ಲಕ್ಷಾಂತರ ಗುಳಿಗೆಗಳಿವೆ; ಅವುಗಳ ಒಳಗೆ ವಿರುದ್ಧ ವಿದ್ಯುದಾವೇಶದ ಕಪ್ಪು ಮತ್ತು ಬಿಳಿ ಕಣಗಳು ತೇಲುತ್ತಿರುತ್ತವೆ. ವಿದ್ಯುತ್ತು ಯಾವುದನ್ನು ಮೇಲಕ್ಕೆ ಎಳೆಯುತ್ತದೋ ಆ ಬಣ್ಣ ಕಾಣುತ್ತದೆ, ಎಳೆದ ಮೇಲೆ ವಿದ್ಯುತ್ತು ಬೇಕಿಲ್ಲ. ಬ್ಯಾಟರಿ ವಾರಗಟ್ಟಲೆ ಬಾಳುವ ಗುಟ್ಟು ಇದು. ಆದರೆ ಕೆಲವು ಕಣಗಳು ಅರ್ಧದಲ್ಲೇ ಉಳಿದು ಹಿಂದಿನ ಪುಟದ ನೆರಳು ಕಾಣಿಸುತ್ತದೆ. ಆ ನೆರಳನ್ನು ತೊಡೆಯಲು ಎಲ್ಲ ಕಣಗಳನ್ನೂ ಒಮ್ಮೆ ಮೇಲಕ್ಕೂ ಕೆಳಕ್ಕೂ ಓಡಿಸುತ್ತಾರೆ, ಅದೇ ನಿಮ್ಮ ಮಿನುಗು. ಅದನ್ನು ಪ್ರತಿ ಪುಟಕ್ಕೂ ಮಾಡಬೇಕೋ, ಅಧ್ಯಾಯಕ್ಕೊಮ್ಮೆ ಸಾಕೋ ಎಂಬ ಆಯ್ಕೆ ಅನೇಕ ಸಾಧನಗಳ ಸೆಟ್ಟಿಂಗಿನಲ್ಲಿದೆ.

ಈಗ ಒತ್ತಕ್ಷರ. "ಸ್ತ್ರೀ" ನಮ್ಮ ಕಣ್ಣಿಗೆ ಒಂದು ಅಕ್ಷರ. ಕಂಪ್ಯೂಟರಿನ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡಿನಲ್ಲಿ ಅದು ಆರು ಸಂಕೇತಗಳ ಸಾಲು: ಸ, ಹಲಂತ, ತ, ಹಲಂತ, ರ, ಈಕಾರದ ಚಿಹ್ನೆ. ಈ ಆರನ್ನು ಹೊಸೆದು ಒಂದಾಗಿಸುವ ನಿಯಮಗಳು ಫಾಂಟಿನ ಒಳಗೇ ಇರುವ ಕೋಷ್ಟಕದಲ್ಲಿರುತ್ತವೆ. ಆ ಕೋಷ್ಟಕ ಕೆಟ್ಟಿದ್ದರೆ, ಇಲ್ಲವೇ ಇಪಬ್ (ಇ-ಪುಸ್ತಕದ ಕಡತ) ತಯಾರಿಸುವಾಗ ಕಡತದ ಗಾತ್ರ ಇಳಿಸಲು ಯಾರಾದರೂ ಅದನ್ನು ಕಿತ್ತುಹಾಕಿದ್ದರೆ, ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ನಿಮ್ಮ ಸಾಧನದಲ್ಲಿ ಉಳಿದ ಕನ್ನಡ ಪುಸ್ತಕಗಳು ಸರಿಯಾಗಿ ಕಾಣುತ್ತಿವೆಯೆಂದರೆ ಯಂತ್ರ ನಿರಪರಾಧಿ. ಆ ಎರಡು ಪುಸ್ತಕಗಳು ತಮ್ಮೊಳಗೆ ಹೊತ್ತು ತಂದ ಫಾಂಟಿನದೇ ಕೆಲಸವಿರಬೇಕು. ಅಕ್ಷರದ ಆಯ್ಕೆಯಲ್ಲಿ "ಪ್ರಕಾಶಕರ ಫಾಂಟ್" ಎಂಬುದನ್ನು ತೆಗೆದು ಬೇರೊಂದನ್ನು ಆರಿಸಿ ನೋಡಿರಿ. ಬೇರೆ ಕನ್ನಡ ಫಾಂಟ್ ಇಲ್ಲದಿದ್ದರೆ ಕಂಪ್ಯೂಟರಿಗೆ ಜೋಡಿಸಿ, ಸಾಧನದ ಫಾಂಟ್‌ಗಳ ಫೋಲ್ಡರಿಗೆ ನೋಟೋ ಸೆರಿಫ್ ಕನ್ನಡ ಎಂಬ ಫಾಂಟನ್ನು ಹಾಕಿರಿ. ಅದು ಉಚಿತವಾಗಿ ಸಿಗುತ್ತದೆ.

ಮೂರನೆಯ ಪುಸ್ತಕದಲ್ಲಿ ಒಂದು ಪರೀಕ್ಷೆ ಮಾಡಿರಿ: ಮೊದಲ ಪುಟದಲ್ಲಿ ಕಣ್ಣಿಗೆ ಕಾಣುವ ಯಾವುದಾದರೂ ಒಂದು ಪದವನ್ನು ಹುಡುಕಿ, ಸಿಗುತ್ತದೆಯೇ ತಿಳಿಸಿರಿ.

ನಿದ್ದೆಗೇಡಿ

ಅಕ್ಷರಕೂಲಿಯವರೇ, ನೀವು ಇದ್ದೀರೆಂದು ಇನ್ನೊಂದನ್ನೂ ಕೇಳಿಬಿಡುತ್ತೇನೆ. ನನ್ನ ಇ-ರೀಡರಿಗೆ ಕನ್ನಡ ನಿಘಂಟು ಹಾಕಿದ್ದೇನೆ, ಆದರೆ ಪದದ ಮೇಲೆ ಬೆರಳಿಟ್ಟರೆ ಹತ್ತರಲ್ಲಿ ಎಂಟು ಸಲ "ಅರ್ಥ ದೊರೆಯಲಿಲ್ಲ" ಎನ್ನುತ್ತದೆ. ನಿಘಂಟೇ ಚಿಕ್ಕದೇ?

ಅಕ್ಷರಕೂಲಿ

ನಿಘಂಟು ಎಷ್ಟೇ ದೊಡ್ಡದಿದ್ದರೂ ಹೀಗೆಯೇ ಆಗುತ್ತದೆ. ಅದರಲ್ಲಿ "ಮರ" ಇರುತ್ತದೆ. ಪುಟದ ಮೇಲೆ ನೀವು ಬೆರಳಿಡುವುದು "ಮರಗಳಲ್ಲಿಯೂ" ಎಂಬುದರ ಮೇಲೆ. ಬಹುವಚನ, ವಿಭಕ್ತಿ, ಊಕಾರ ಎಲ್ಲವನ್ನೂ ಕಳಚಿ ಮೂಲಪದಕ್ಕೆ ತಲುಪುವ ಜಾಣತನ ಯಂತ್ರಕ್ಕಿಲ್ಲದಿದ್ದರೆ ಅದು ಕೈಚೆಲ್ಲುತ್ತದೆ. ಸಂಧಿಯಾದ ಪದವಾದರಂತೂ ಮುಗಿಯಿತು. ಸದ್ಯಕ್ಕೆ ದಾರಿಯೆಂದರೆ, ಹುಡುಕುವ ಜಾಗದಲ್ಲಿ ಮೂಲಪದವನ್ನು ನೀವೇ ಟೈಪ್ ಮಾಡುವುದು.

ಹುಡುಕಾಟದಲ್ಲಿಯೂ ಇಂಥದೇ ಒಂದು ಕೊಕ್ಕೆಯಿದೆ. "ಹೆಡ್‌ಫೋನ್" ಎಂದು ಬರೆಯುವಾಗ ಡಕಾರಕ್ಕೆ ಫಕಾರ ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಇಡುತ್ತೇವೆ. ಒಬ್ಬರು ಅದನ್ನಿಟ್ಟು ಬರೆದಿದ್ದರೆ, ನೀವು ಇಡದೆ ಹುಡುಕಿದರೆ, ಅದನ್ನು ಲೆಕ್ಕಿಸದಿರಲು ಕಲಿಯದ ಯಂತ್ರಕ್ಕೆ ಅವೆರಡೂ ಬೇರೆ ಬೇರೆ ಪದಗಳು.

ಸಂಶಯಪಿಶಾಚಿ

ಇಷ್ಟೆಲ್ಲ ತಾಪತ್ರಯವಿರುವ ಸಾಧನವನ್ನು ಅರೆಓದುಗರು ಇಟ್ಟುಕೊಂಡರು, ಏನೂ ತಾಪತ್ರಯವಿಲ್ಲದ ವಾಚನ್ನು ಬಿಟ್ಟರು ಎಂಬುದು ನನಗೆ ವಿಚಿತ್ರವಾಗಿ ಕಾಣುತ್ತಿದೆ.

ಅರೆಓದುಗ

ವಿಚಿತ್ರವೇನಿಲ್ಲ. ಇ-ರೀಡರಿಗೆ ತಿಂಗಳಿಗೊಮ್ಮೆಯೋ ಎರಡು ಸಲವೋ ಚಾರ್ಜು ಮಾಡುತ್ತೇನೆ. ಉಳಿದಂತೆ ಅದು ನನ್ನನ್ನು ಏನೂ ಕೇಳುವುದಿಲ್ಲ, ನಾನೇ ಹೋಗಿ ತೆರೆಯುವವರೆಗೆ ದಿಂಬಿನ ಪಕ್ಕ ಸುಮ್ಮನೆ ಬಿದ್ದಿರುತ್ತದೆ. ವಾಚು ಒಂದೂವರೆ ದಿನಕ್ಕೊಮ್ಮೆ ಚಾರ್ಜು ಕೇಳುತ್ತಿತ್ತು. ಏಳು, ನಡೆ, ಉಸಿರು ಬಿಡು ಎಂದು ದಿನವಿಡೀ ಮಣಿಕಟ್ಟನ್ನು ಕುಟುಕುತ್ತಿತ್ತು. ಉಸಿರನ್ನು ನಾನು ಹೇಗೂ ಬಿಡುತ್ತಿದ್ದೆ.

ಎಲ್ಲರ ಸಲಹೆಗಳನ್ನೂ ಮಾಡಿ ನೋಡಿದ ವರದಿ ಇದು. ಕನ್ನಡಕ ತೆಗೆದು ಹೆಡ್‌ಫೋನ್ ಹಾಕಿದೆ, ಪಕ್ಕದ ಕೋಣೆಯ ಮಾತು ಅರ್ಧಕ್ಕಿಂತ ತಗ್ಗಿತು. ಆದರೆ ಕನ್ನಡಕವಿಲ್ಲದೆ ನನಗೆ ಪರದೆ ಕಾಣುವುದಿಲ್ಲ, ಹಾಗಾಗಿ ಸಂಗೀತ ಕೇಳುವಾಗ ಮಾತ್ರ ಈ ಸುಖ. ಪ್ರಕಾಶಕರ ಫಾಂಟ್ ತೆಗೆದು ನೋಟೋ ಹಾಕಿದೊಡನೆ ಎರಡೂ ಪುಸ್ತಕಗಳ ಒತ್ತಕ್ಷರಗಳು ಕೂಡಿಕೊಂಡವು. "ಸ್ತ್ರೀ" ಒಂದಾಗಿ ಕಂಡಾಗ ಆದ ಸಮಾಧಾನವನ್ನು ಬಣ್ಣಿಸಲಾರೆ. ಮೂರನೆಯ ಪುಸ್ತಕದಲ್ಲಿ ಶೀರ್ಷಿಕೆಯ ಪದವನ್ನೇ ಹುಡುಕಿದೆ. ಫಲಿತಾಂಶ ಸೊನ್ನೆ.

ಅಕ್ಷರಕೂಲಿ

ಹಾಗಾದರೆ ಅದರೊಳಗೆ ಅಕ್ಷರಗಳೇ ಇಲ್ಲ. ಮುದ್ರಿತ ಪುಟಗಳನ್ನು ಸ್ಕ್ಯಾನ್ ಮಾಡಿ ಚಿತ್ರಗಳಾಗಿ ಜೋಡಿಸಿದ್ದಾರೆ. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶದ ಮೂಲಕ ಹಾಯಿಸಬೇಕು. ಟೆಸೆರಾಕ್ಟ್ ಎಂಬುದು ಉಚಿತ, ಅದಕ್ಕೆ ಕನ್ನಡ ಬರುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳ ಮೇಲೆ ಒಂದು ಕಣ್ಣಿಡಿರಿ. ದ ಮತ್ತು ಧಗಳ ನಡುವೆ, ಬ ಮತ್ತು ಭಗಳ ನಡುವೆ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಅಷ್ಟೇ. ಹಳೆಯ ಮುದ್ರಣದಲ್ಲಿ ಶಾಯಿ ಹರಡಿ ಆ ಸೀಳು ಮುಚ್ಚಿಹೋಗಿರುತ್ತದೆ.

ಅರೆಓದುಗ

ಒಂದು ಪುಟ ಹಾಯಿಸಿ ನೋಡಿದೆ. "ಧರ್ಮ" ನಾಲ್ಕು ಕಡೆ "ದರ್ಮ" ಆಗಿದೆ, ಭೀಮನ ಪ್ರಾಣ ಕುಗ್ಗಿ "ಬೀಮ" ಆಗಿದ್ದಾನೆ. ಉಳಿದದ್ದು ಅಚ್ಚರಿಯಾಗುವಷ್ಟು ಸರಿಯಾಗಿದೆ. ಇನ್ನು 211 ಪುಟಗಳಿವೆ, ದಿನಕ್ಕೆ ಐದರಂತೆ ತಿದ್ದುತ್ತೇನೆ.

ಮೂರನೇ ಮಹಡಿ

ಅಂದರೆ ಪುಸ್ತಕವನ್ನು ಓದಿ ಮುಗಿಸಿದ ಮೇಲೆ ಅದು ಓದಲು ಸಿದ್ಧವಾಗುತ್ತದೆ.

ಚುಕ್ಕಿಲೆಕ್ಕ

ತಿದ್ದುವಾಗ ವಾಚನ್ನು ಕಟ್ಟಿಕೊಂಡಿರಿ. ಪುಟಕ್ಕೊಂದರಂತೆ ಹೃದಯದ ಬಡಿತ ದಾಖಲಾದರೆ ನಮಗೂ ಒಂದು ಲೆಕ್ಕ ಸಿಗುತ್ತದೆ.

ಅರೆಓದುಗ

ವಾಚು ಚಾರ್ಜರಿನ ಮೇಲೆಯೇ ಇದೆ. ಈಗ ತಾನೇ ಹೋಗಿ ನೋಡಿದೆ, ನಾನು ಪ್ಲಗ್ಗಿನ ಸ್ವಿಚ್ಚನ್ನೇ ಹಾಕಿರಲಿಲ್ಲ.